ವಿಲ್ ಬರೆಯುವ ಮೊದಲು ಪಹಣಿ ತೆಗೆದು ನೋಡಿ

ಉಡುಪಿಯಲ್ಲಿ ವಕೀಲಿ ಮಾಡುವ ನನ್ನ ಹತ್ತಿರ ವಿಲ್ ಬರೆಸಲು ಬರುವವರು ಹೆಚ್ಚಾಗಿ "ಯಾರಿಗೆ ಯಾವುದು ಅಂತ ಹೇಳ್ತೇನೆ, ಬರೆದುಕೊಳ್ಳಿ" ಎಂದೇ ಮಾತು ಶುರು ಮಾಡುತ್ತಾರೆ. ನಾನು ಮೊದಲು ಪಹಣಿ, ಪಾಲುಪಟ್ಟಿ, ಹಳೇ ಆದೇಶಗಳನ್ನು ಕೇಳುತ್ತೇನೆ. ಕೊಡಲು ಹೊರಟ ಆಸ್ತಿ ಅವರದ್ದೇ ಹೌದಾ ಅಂತ ಗೊತ್ತಾಗಬೇಕಲ್ವಾ? ನಮ್ಮ ಕರಾವಳಿಯಲ್ಲಿ ಅದು ಅಷ್ಟು ಸುಲಭದ ಪ್ರಶ್ನೆ ಅಲ್ಲ.

ಕಾಪು ಕಡೆಯ ಹಿರಿಯರೊಬ್ಬರ ವಿಲ್ ನಾನೇ ಬರೆದೆ. ಅವರು ತೀರಿಕೊಂಡ ಮೇಲಿನ ಕೆಲಸವೂ ನನಗೇ ಬಂತು. ಅವರ ಹೆಂಡತಿ, ತಾಯಿ ಇಬ್ಬರೂ ಮೊದಲೇ ತೀರಿದ್ದರು. ಮಗ ಮುಂಬೈಯಲ್ಲಿ, ಮಗಳು ಊರಲ್ಲಿ ಅವರ ಜೊತೆ. ಮನೆ, ತೋಟ ಮಗಳಿಗೆ, ಬ್ಯಾಂಕಿನ ಹಣ ಮಗನಿಗೆ ಎನ್ನುವುದು ಅವರ ಮನಸ್ಸು. ಆದರೆ ಕುಟುಂಬದವರು "ನಮ್ಮದು ಅಳಿಯಸಂತಾನ, ಅಕ್ಕನ ಮಕ್ಕಳಿಗೆ ಹೋಗಬೇಕು" ಎಂದು ಹೆದರಿಸಿದ್ದರು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಹಾಗಿಲ್ಲ. ವಿಲ್ ಇಲ್ಲದೆ ಗಂಡಸು ತೀರಿಕೊಂಡರೆ ಮೊದಲ ಹಕ್ಕು ಹೆಂಡತಿ, ಮಕ್ಕಳು ಮತ್ತು ತಾಯಿಗೆ. ಕವರಿನ, ಅಂದರೆ ಅಳಿಯಸಂತಾನದ ತಾಯಿ ಕಡೆಯ ಕುಟುಂಬದ ಕವಲಿನ, ಆಸ್ತಿಯಲ್ಲಿ ತನಗಿರುವ ಪಾಲನ್ನೂ ವಿಲ್ ಮಾಡಬಹುದು ಎಂದು ಅದೇ ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ. ಪಾಲು ಮಾತ್ರ, ಇಡೀ ಆಸ್ತಿ ಅಲ್ಲ.

ಇವರ ತೋಟ ಡಿಕ್ಲರೇಶನ್‌ನಲ್ಲಿ, ಅಂದರೆ ಭೂಸುಧಾರಣೆಯಲ್ಲಿ ಗೇಣಿದಾರರು ಅರ್ಜಿ ಹಾಕಿ ಜಾಗ ಪಡೆದಾಗ, ಸಿಕ್ಕಿದ್ದು. ಅಂಥ ಜಾಗದಲ್ಲಿ ಲ್ಯಾಂಡ್ ಟ್ರಿಬ್ಯೂನಲ್ ಆದೇಶ ಯಾರ ಹೆಸರಿಗೆ ಆಗಿದೆ ಎಂದು ನೋಡಿದರೆ ಸಾಲದು. ಗೇಣಿ ಅವರೊಬ್ಬರದ್ದೇ ಆಗಿತ್ತಾ, ಇಲ್ಲ ಮನೆಯವರೆಲ್ಲರ ಪರವಾಗಿ ಒಬ್ಬರು ಅರ್ಜಿ ಹಾಕಿದ್ದಾ? ಎರಡನೆಯದಾದರೆ ಉಳಿದವರಿಗೂ ಪಾಲು ಇರುತ್ತದೆ. ಪುಣ್ಯಕ್ಕೆ ಇಲ್ಲಿ ಅಣ್ಣತಮ್ಮಂದಿರ ನಡುವೆ ನೋಂದಾಯಿತ ಪಾಲುಪಟ್ಟಿ ಆಗಿತ್ತು.

ತೋಟದ ಮೇಲಿನ ಗೇರುಗುಡ್ಡೆಯನ್ನೂ ಅವರು ತಮ್ಮದೇ ಎಂದು ಲೆಕ್ಕ ಹಿಡಿದಿದ್ದರು. ಪಹಣಿ ನೋಡಿದರೆ ಕುಮ್ಕಿ. ವರ್ಗ ಜಾಗದಿಂದ, ಅಂದರೆ ಸ್ವಂತ ಪಟ್ಟಾ ಜಾಗದಿಂದ, 100 ಗಜದೊಳಗಿನ ಸರ್ಕಾರಿ ಭೂಮಿ ಅದು. ಸೊಪ್ಪು, ತರಗೆಲೆ, ಸೌದೆಗೆ ಅನುಭೋಗ ಇದೆ, ಒಡೆತನ ಇಲ್ಲ. ತಲೆಮಾರಿನಿಂದ ಬೇಲಿ ಹಾಕಿ ನೋಡಿಕೊಂಡವರಿಗೆ ಇದನ್ನು ಹೇಳುವುದು ಕಷ್ಟ. ಆದರೂ ವಿಲ್‌ನಲ್ಲಿ ವರ್ಗ ಜಾಗದ ಸರ್ವೆ ನಂಬರನ್ನಷ್ಟೇ ಬರೆದೆ.

ಬ್ಯಾಂಕಿನಲ್ಲಿ ನಾಮಿನಿ ಮಗಳು, ವಿಲ್‌ನಲ್ಲಿ ಹಣ ಮಗನಿಗೆ. ನಾಮಿನಿ ಹಣ ಪಡೆದುಕೊಳ್ಳುವವರು ಅಷ್ಟೇ, ವಾರಸುದಾರರಿಗೆ ಅದನ್ನು ಒಪ್ಪಿಸಬೇಕು. ಸುಮ್ನೆ ಅಣ್ಣತಂಗಿ ನಡುವೆ ಮಾತು ಬೆಳೆಯುವುದು ಬೇಡ ಎಂದು ನಾಮಿನಿ ಹೆಸರನ್ನು ಮಗನಿಗೆ ಬದಲಾಯಿಸಿದೆವು.

ನಾನು ಜಾಸ್ತಿ ಹೊತ್ತು ಯೋಚಿಸಿದ್ದು ಸಾಕ್ಷಿಗಳ ಬಗ್ಗೆ. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ಮುಂದೆ ಕೋರ್ಟಿಗೆ ಹೋದರೆ ಅವರಲ್ಲಿ ಒಬ್ಬರಾದರೂ ಬಂದು ಹೇಳಬೇಕು. ನೋಂದಣಿ ಆಗಿದ್ದರೂ ಇದು ತಪ್ಪುವುದಿಲ್ಲ. ಹಾಗಾಗಿ ಅವರಿಗಿಂತ ಚಿಕ್ಕ ಪ್ರಾಯದ ಇಬ್ಬರನ್ನು ಆರಿಸಿದೆ. ಒಬ್ಬರು ಅವರನ್ನು ನೋಡುತ್ತಿದ್ದ ಡಾಕ್ಟರ್, ಇನ್ನೊಬ್ಬರು ಹತ್ತಿರದ ಶಾಲೆಯ ಮೇಷ್ಟ್ರು. ಸಹಿ ಹಾಕುವ ದಿನ ಮಗಳನ್ನು ಮನೆಯಿಂದ ಹೊರಗೆ ಇರಲು ಹೇಳಿದೆ. "ನನ್ನ ಅಪ್ಪನೇ ಅಲ್ವಾ ಮೇಡಂ" ಎಂದು ಆಕೆ ಬೇಸರ ಮಾಡಿಕೊಂಡಳು. ಲಾಭ ಪಡೆಯುವವರೇ ಮುಂದೆ ನಿಂತು ವಿಲ್ ಮಾಡಿಸಿದರೆ ಅದು ಅನುಮಾನಕ್ಕೆ ದಾರಿ. ಮೈಸೂರಿನ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಇದನ್ನು ಹೇಳಿದೆ. ಮಗನಿಗೆ ಮನೆ ಯಾಕೆ ಇಲ್ಲ ಎಂಬುದನ್ನೂ ಅವರ ಮಾತಿನಲ್ಲೇ ಬರೆಸಿದೆ: "ಅವನಿಗೆ ಮುಂಬೈಯಲ್ಲಿ ಮನೆ ಇದೆ, ನಾನೇ ಹಣ ಕೊಟ್ಟಿದ್ದೆ."

ವಿಲ್‌ಗೆ ಛಾಪಾಕಾಗದ ಬೇಡ, ನೋಂದಣಿಯೂ ಕಡ್ಡಾಯ ಅಲ್ಲ. ಆದರೂ ಮಾಡಿಸಿದೆ. ಅವರಿಗೆ ನಡೆಯಲು ಆಗುತ್ತಿರಲಿಲ್ಲ, ಅರ್ಜಿ ಕೊಟ್ಟ ಮೇಲೆ ಸಬ್ ರಿಜಿಸ್ಟ್ರಾರ್ ಮನೆಗೇ ಬಂದರು. ನೋಂದಣಿಯಾದ ವಿಲ್ ಋಣಭಾರ ಪತ್ರದಲ್ಲಿ ಕಾಣುವುದಿಲ್ಲ, ಅದು ಬೇರೆ ಪುಸ್ತಕದಲ್ಲಿ ದಾಖಲಾಗುತ್ತದೆ. ಬರೆದವರು ಬದುಕಿರುವ ತನಕ ಬೇರೆಯವರಿಗೆ ಅದರ ನಕಲೂ ಸಿಗುವುದಿಲ್ಲ.

ಅವರು ತೀರಿಕೊಂಡ ಮೇಲೆ ಮರಣ ಪ್ರಮಾಣಪತ್ರ, ವಿಲ್ ಇಟ್ಟು ಖಾತೆ ಬದಲಾವಣೆಗೆ ಅರ್ಜಿ ಹಾಕಿದೆವು. ಅಕ್ಕನ ಮಕ್ಕಳಿಂದ ಆಕ್ಷೇಪ ಬಂತು: ಪ್ರೊಬೇಟ್ (ವಿಲ್ ಸಾಚಾ ಎಂದು ಕೋರ್ಟ್ ಕೊಡುವ ಪ್ರಮಾಣಪತ್ರ) ಇಲ್ಲದ ವಿಲ್ ನಡೆಯುವುದಿಲ್ಲ ಎಂದು. ನಮ್ಮ ಜಿಲ್ಲೆ 1956ರ ತನಕ ಮದ್ರಾಸಿನಲ್ಲಿ ಇದ್ದದ್ದು ಹೌದು. ಆದರೆ ಮದ್ರಾಸಿನ ಲೆಕ್ಕದಲ್ಲಿ ಹಿಂದೂ ವಿಲ್‌ಗೆ ಪ್ರೊಬೇಟ್ ಕಡ್ಡಾಯ ಇದ್ದದ್ದು ಅಲ್ಲಿನ ಹೈಕೋರ್ಟಿನ ನಗರ ವ್ಯಾಪ್ತಿಗೆ ಮಾತ್ರ, ನಮ್ಮ ಕಡೆಗಲ್ಲ. ಇದನ್ನೇ ಲಿಖಿತವಾಗಿ ಕೊಟ್ಟೆ. ಮಗನೂ ಮುಂಬೈಯಿಂದ ಬಂದು ತನ್ನ ತಕರಾರು ಇಲ್ಲ ಎಂದು ಹೇಳಿಕೆ ಕೊಟ್ಟ. ಖಾತೆ ಮಗಳ ಹೆಸರಿಗೆ ಆಯಿತು.

ಖಾತೆಯಿಂದ ಒಡೆತನ ಸಿದ್ಧವಾಗುವುದಿಲ್ಲ, ಆಕ್ಷೇಪ ಹಾಕಿದವರು ಈಗಲೂ ಸಿವಿಲ್ ಕೋರ್ಟಿಗೆ ಹೋಗಬಹುದು. ಅದಕ್ಕೇ ಮೂಲ ವಿಲ್, ಟ್ರಿಬ್ಯೂನಲ್ ಆದೇಶ, ಪಾಲುಪಟ್ಟಿ ಮೂರನ್ನೂ ಒಟ್ಟಿಗೆ ಇಡಲು ಮಗಳಿಗೆ ಹೇಳಿದ್ದೇನೆ. ಡಾಕ್ಟರ್, ಮೇಷ್ಟ್ರು ಮನೆ ಬದಲಾಯಿಸಿದರೆ ಹೊಸ ವಿಳಾಸ ಕೇಳಿ ಬರೆದಿಟ್ಟುಕೊಳ್ಳಲೂ ಹೇಳಿದ್ದೇನೆ.