‘ಪಾತ್ರೆ’ಯ ಮೂಲಪದವನ್ನು ಮರಳಿ ಕಟ್ಟುವುದು ಹೇಗೆ?

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮುಂತಾದವು ಹುಟ್ಟಿಬಂದ ಇಂಡೋ-ಯುರೋಪಿಯನ್ ಮೂಲಭಾಷೆಯ ಒಂದಕ್ಷರವೂ ಬರಹದಲ್ಲಿ ಉಳಿದಿಲ್ಲ. ಆದರೂ ಅದರ ಪದಗಳನ್ನು ಮರಳಿ ಕಟ್ಟಬಹುದು. ಇಡೀ ಪದದ ಹೋಲಿಕೆಯನ್ನು ನಂಬಿ ಹೊರಟರೆ ದಾರಿ ತಪ್ಪುತ್ತದೆ. ಲ್ಯಾಟಿನ್ನಿನ ‘ದೇಉಸ್’, ಗ್ರೀಕಿನ ‘ಥೆಒಸ್’ ಎರಡಕ್ಕೂ ದೇವರೆಂದೇ ಅರ್ಥ. ನೆಂಟಸ್ತನ ಮಾತ್ರ ಇಲ್ಲ. ಪ್ರತ್ಯಯದ ಜಾಡು ಹಿಡಿಯುವುದೇ ಕ್ಷೇಮ. ಅಡುಗೆಮನೆಯ ಪಾತ್ರೆಯನ್ನೇ ತೆಗೆದುಕೊಳ್ಳಿ.

ಮೊದಲು ಸಾಕ್ಷಿಗಳನ್ನು ಆರಿಸಿ. ಕನ್ನಡದ ‘ಪಾತ್ರೆ’ ಸಂಸ್ಕೃತದಿಂದ ಬಂದದ್ದು. ದ್ರಾವಿಡ ಭಾಷೆಗೆ ಈ ವಂಶದ ಪರವಾಗಿ ಸಾಕ್ಷಿ ಹೇಳುವ ಹಕ್ಕಿಲ್ಲ, ಬದಿಗಿಡಿ. ಸಂಸ್ಕೃತದ ‘ಪಾತ್ರಮ್’, ಬಟ್ಟಲೆಂಬ ಅರ್ಥದ ಲ್ಯಾಟಿನ್ ‘ಪೋಕುಲುಮ್’ ಸಾಕು. ಸಿಕ್ಕಷ್ಟು ಹಳೆಯ ರೂಪ ಹುಡುಕಿ: ಕ್ರಿ.ಪೂ. 3ನೆಯ ಶತಮಾನದ ಇಟಲಿಯ ಮಣ್ಣಿನ ಬಟ್ಟಲೊಂದರ ಮೇಲೆ ‘ಸಾಏತುರ್ನಿ ಪೊಕೊಲೊಮ್’, ಅಂದರೆ ಸ್ಯಾಟರ್ನ್ ದೇವರ ಬಟ್ಟಲು, ಎಂದು ಬರೆದಿದೆ. ‘ಉಮ್’ ಹಿಂದೆ ‘ಒಮ್’ ಆಗಿತ್ತೆನ್ನಲು ಇನ್ನೇನು ಪುರಾವೆ ಬೇಕು!

ನಪುಂಸಕಲಿಂಗದ ಆ ‘ಒಮ್’ ಕಳಚಿ. ಹಳೆಯ ಒಕಾರ ಸಂಸ್ಕೃತದಲ್ಲಿ ಅಕಾರವಾದ್ದರಿಂದ ಅಲ್ಲಿ ‘ಅಮ್’ ಕಳಚಬೇಕು. ಮುಂದೆ ಧಾತುವನ್ನು ಬಿಡಿಸಿ. ಸಂಸ್ಕೃತದ ‘ಪಾನ’, ಕುಡಿದದ್ದು ಎಂಬ ಅರ್ಥದ ಲ್ಯಾಟಿನ್ ‘ಪೋತುಸ್’ ನೋಡಿದರೆ ಪಾ, ಪೋ ಎರಡೂ ಕುಡಿಯುವ ಧಾತುಗಳೆಂದು ತಿಳಿಯುತ್ತದೆ.

ಈಗ ನಿಜವಾದ ಕೆಲಸ. ಉಳಿದ ‘ತ್ರ್’ ಮತ್ತು ‘ಕುಲ್’ ಪ್ರತ್ಯಯಗಳೇ? ಒಂದು ಪದದಲ್ಲಿ ಕಂಡರೆ ಸಾಲದು. ಕತ್ತರಿಸುವ ‘ಶಸ್’ನಿಂದ ಶಸ್ತ್ರ, ಉಡುವ ‘ವಸ್’ನಿಂದ ವಸ್ತ್ರ, ಲ್ಯಾಟಿನ್ನಿನಲ್ಲಿ ಸಾಗಿಸುವ ‘ವೆಹೆರೆ’ಯಿಂದ ವಾಹನವೆಂಬ ಅರ್ಥದ ‘ವೆಹಿಕುಲುಮ್’. ಎರಡೂ ಮಾಡುವುದು ಸಾಧನವನ್ನು ಹೆಸರಿಸುವ ಕೆಲಸವನ್ನೇ.

ಧ್ವನಿಗಳೂ ಹೊಂದಬೇಕಲ್ಲ? ‘ಪೋಕ್ಲುಮ್’ ಎಂಬ ರೂಪವೂ ಇರುವುದರಿಂದ ನಡುವಿನ ಉಕಾರ ಆಮೇಲೆ ನುಸುಳಿದ್ದು. ಪದದ ನಡುವಿನ ‘ತ್ಲ್’ ಲ್ಯಾಟಿನ್ನಿನಲ್ಲಿ ‘ಕ್ಲ್’ ಆಗುತ್ತದೆ. ಸಂಸ್ಕೃತದಲ್ಲಿ ಹಳೆಯ ಲಕಾರ ಅನೇಕ ಕಡೆ ರಕಾರವಾಗಿದೆ: ಬೆಳಕಿಗೆ ಲ್ಯಾಟಿನ್ ‘ಲೂಕ್ಸ್’, ಹೊಳೆಯುವುದಕ್ಕೆ ಸಂಸ್ಕೃತ ‘ರುಚ್’. ಹಾಗಾಗಿ ಮೂಲದಲ್ಲಿ ‘ತ್ಲ್’ ಇಟ್ಟರೆ ಎರಡೂ ಕಡೆ ಲೆಕ್ಕ ಸರಿಹೋಗುತ್ತದೆ.

ಆ, ಓ ಸ್ವರಗಳ ವ್ಯತ್ಯಾಸಕ್ಕೆ ಉತ್ತರದ ಹಾದಿ ತೋರಿಸಿದವನು ಸ್ವಿಸ್ ಭಾಷಾವಿಜ್ಞಾನಿ ಸೊಸ್ಸೂರ್. ಸ್ವರಗಳನ್ನು ಬದಲಿಸಿ ತಾವು ಮರೆಯಾದ ಧ್ವನಿಗಳಿದ್ದವೆಂದು 1879ರಲ್ಲಿ ಆತ ಬರಿಯ ತರ್ಕದಿಂದ ಹೇಳಿದ; 1927ರಲ್ಲಿ ಪೋಲೆಂಡಿನ ಭಾಷಾವಿಜ್ಞಾನಿ ಕುರಿಲೋವಿಚ್ ಅಂಥ ಧ್ವನಿಯನ್ನು ಇದೇ ವಂಶದ ಪ್ರಾಚೀನ ಹಿಟೈಟ್ ಭಾಷೆಯಲ್ಲಿ ಗುರುತಿಸಿದ. ಪಕ್ಕದ ಎಕಾರವನ್ನು ಓಕಾರವಾಗಿಸುವ ಇಲ್ಲಿನ ಧ್ವನಿಯನ್ನು ಈಗ ಹ್₃ ಎಂದು ಬರೆಯುತ್ತಾರೆ; ಆ ಓಕಾರ ಲ್ಯಾಟಿನ್ನಿನಲ್ಲಿ ಉಳಿಯಿತು, ಸಂಸ್ಕೃತದಲ್ಲಿ ಆಕಾರವಾಯಿತು.

ಸಿಕ್ಕದ್ದು: *ಪೆಹ್₃-ತ್ಲೊಮ್. ನಕ್ಷತ್ರ ಚಿಹ್ನೆ ಮರೆಯಬೇಡಿ; ಈ ರೂಪ ಎಲ್ಲೂ ದಾಖಲಾಗಿಲ್ಲ ಎಂಬುದರ ಗುರುತು ಅದು. ನೇಗಿಲಿಗೆ ಗ್ರೀಕರು ‘ಅರೊತ್ರೊನ್’ ಎಂದದ್ದರಿಂದ ಮೂಲದಲ್ಲಿ ‘ತ್ರೊ’ ಕೂಡ ಇತ್ತು. ಸಂಸ್ಕೃತ ತನ್ನ ‘ಪಾತ್ರ’ವನ್ನು ಅದರಿಂದ ಸ್ವತಂತ್ರವಾಗಿಯೇ ಕಟ್ಟಿಕೊಂಡಿರುವ ಸಾಧ್ಯತೆಯನ್ನು ಅಲ್ಲಗಳೆಯುವಂತಿಲ್ಲ.