ಮಳೆಗಾಲಕ್ಕೂ ನಿಲ್ಲುವಂತೆ ಡಿಶ್ ಕೂರಿಸಿದ್ದು

ಬಿಸಿಲಿರುವ ದಿನ ಡಿಶ್ ತಿರುಗಿಸಿ, ಟಿವಿಯಲ್ಲಿ ಚಿತ್ರ ಬಂತೆಂದು ಸ್ಪ್ಯಾನರ್ ಕೆಳಗಿಟ್ಟರೆ ಅರ್ಧ ಕೆಲಸವಷ್ಟೇ ಆಗಿರುತ್ತದೆ. ಹಳೆಯ ಕಡ್ಡಿ ಆಂಟೆನಾದಲ್ಲಿ ಸಿಗ್ನಲ್ ಕಡಿಮೆಯಾದರೆ ಪರದೆಯ ಮೇಲೆ ಚುಕ್ಕಿ ಬೀಳುತ್ತಿತ್ತು, ಕಣ್ಣಿಗೇ ಗೊತ್ತಾಗುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಸಿಗ್ನಲ್ ಎಷ್ಟು ಚೆನ್ನಾಗಿದೆ ಅಂತ ತೋರಿಸುವ ಬಾಕ್ಸಿನ ಕ್ವಾಲಿಟಿ ಪಟ್ಟಿ 80 ತೋರಿಸಿದರೂ 50 ತೋರಿಸಿದರೂ ಚಿತ್ರ ಒಂದೇ ಥರ ಸ್ವಚ್ಛ. ಒಂದು ಗಡಿಯಿಂದ ಕೆಳಗಿಳಿದ ಕೂಡಲೇ ಚೌಕ ಚೌಕವಾಗಿ ಒಡೆದು ಕಪ್ಪಾಗಿಬಿಡುತ್ತದೆ. ಆ ಗಡಿಗಿಂತ ನಾವು ಎಷ್ಟು ಮೇಲಿದ್ದೇವೆ ಅನ್ನುವುದನ್ನು ನಾನು ಉಳಿಕೆ ಅನ್ನುತ್ತೇನೆ. ಜೂನ್ ತಿಂಗಳಲ್ಲಿ ಆಗುಂಬೆ ಕಡೆಯಿಂದ ಮಳೆ ಇಳಿದು ಬರುವಾಗ ನಮ್ಮನ್ನು ಕಾಯುವುದು ಈ ಉಳಿಕೆ ಒಂದೇ.

ನಮ್ಮದು ತೀರ್ಥಹಳ್ಳಿ ತಾಲೂಕಿನ ಹಳ್ಳಿ. ಮನೆಯಲ್ಲಿರುವುದು ದೂರದರ್ಶನದ ಡಿಡಿ ಫ್ರೀ ಡಿಶ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದದ್ದು ಇದೇ. ತಿಂಗಳ ಬಾಡಿಗೆ ಇಲ್ಲ, ರೀಚಾರ್ಜ್ ಇಲ್ಲ. ಒಮ್ಮೆ ಡಿಶ್, ಅದರ ಎದುರು ತೋಳಿನ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ, ಕೇಬಲ್, ಬಾಕ್ಸ್ ತಂದರೆ ಮುಗಿಯಿತು. ಅಮ್ಮನಿಗೆ ಚಂದನ ಬೇಕು, ಅಪ್ಪನಿಗೆ ವಾರ್ತೆ ಬೇಕು. ಅಡಿಕೆ ಕೊಯ್ಲಿಗೆ ಬಂದವರು ಕ್ರಿಕೆಟ್ ಇದ್ದ ದಿನ ಜಗಲಿಗೆ ಬಂದು ಕೂರುತ್ತಾರೆ. ಹಳ್ಳಿ ಮನೆಗೆ ಇದು ದೊಡ್ಡ ಉಪಕಾರ. ಅದಕ್ಕೇ ಇದನ್ನು ಸರಿಯಾಗಿ ಕೂರಿಸುವ ವಿಷಯದಲ್ಲಿ ನನಗೆ ಇಷ್ಟು ಹಠ.

ಸಿಗ್ನಲ್ ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಏರಿಯಾನ್ 5 ರಾಕೆಟ್ ಹೊತ್ತೊಯ್ದ ಈ ಉಪಗ್ರಹ ಸಮಭಾಜಕದ ನೇರ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ ನಿಂತಿದೆ. ತೀರ್ಥಹಳ್ಳಿಯಿಂದ ಲೆಕ್ಕ ಹಾಕಿದರೆ ಉತ್ತರದಿಂದ ಪ್ರದಕ್ಷಿಣವಾಗಿ 126 ಡಿಗ್ರಿ, ಅಂದರೆ ಆಗ್ನೇಯಕ್ಕಿಂತ ತುಸು ಪೂರ್ವಕ್ಕೆ ವಾಲಿದ ದಿಕ್ಕು. ಎತ್ತರದ ಕೋನ ಸುಮಾರು 63 ಡಿಗ್ರಿ. ಬೆಂಗಳೂರಿನಲ್ಲಿ ಇದು 128 ಮತ್ತು 66 ಆಗುತ್ತದೆ. ಕಲಬುರಗಿಯಲ್ಲಿ ಹೆಚ್ಚುಕಡಿಮೆ ನೇರ ಆಗ್ನೇಯ, ಎತ್ತರ 62.

ಈ 63 ಡಿಗ್ರಿ ನಮ್ಮಂಥ ತೋಟದ ಮನೆಯವರಿಗೆ ಒಂದು ವರ. ಉಪಗ್ರಹ ಅಷ್ಟು ಮೇಲಿದೆ ಅಂದರೆ ಆಗ್ನೇಯ ದಿಕ್ಕಿನ ಮರ, ತನ್ನ ಎತ್ತರದ ಅರ್ಧಕ್ಕಿಂತ ತುಸು ಹೆಚ್ಚು ದೂರದಲ್ಲಿದ್ದರೆ ಸಾಕು, ಅಡ್ಡ ಬರುವುದಿಲ್ಲ. ನಲವತ್ತು ಅಡಿಯ ಅಡಿಕೆ ಮರ ಡಿಶ್‌ನಿಂದ ಇಪ್ಪತ್ತೈದು ಅಡಿ ಆಚೆಗಿದ್ದರೆ ಚಿಂತೆಯಿಲ್ಲ. ಹೀಗಿರುವಾಗ ಡಿಶ್ಶನ್ನು ಹೆಂಚಿನ ಮಾಡಿನ ಮೇಲೆ ಏರಿಸುವ ಅಗತ್ಯವೇ ಬೀಳುವುದಿಲ್ಲ. ಎತ್ತರಕ್ಕೆ ಹೋದಷ್ಟೂ ಸಿಗ್ನಲ್ ಚೆನ್ನಾಗಿ ಬರುತ್ತದೆ ಅನ್ನುವುದು ಹಳೆಯ ಆಂಟೆನಾ ಕಾಲದ ಮಾತು. ನಾನು ಅಂಗಳದ ಮೂಲೆಯಲ್ಲಿ ಸಿಮೆಂಟ್ ಕಟ್ಟೆ ಹಾಕಿ, ಸೊಂಟದೆತ್ತರದ ಕಬ್ಬಿಣದ ಪೈಪ್ ನಿಲ್ಲಿಸಿದೆ. ಮಾಡಿನ ಮೇಲಿದ್ದರೆ ಮಂಗಗಳು ಜೋತಾಡಿ ಡಿಶ್ ತಿರುಗಿಸುತ್ತವೆ, ರಿಪೇರಿಗೆ ಹತ್ತಿದರೆ ಹೆಂಚು ಒಡೆಯುತ್ತದೆ, ಮಳೆಯಲ್ಲಿ ಹತ್ತಲಿಕ್ಕಂತೂ ಆಗುವುದೇ ಇಲ್ಲ. ಕೆಳಗಿದ್ದರೆ ಕೈಗೆ ಸಿಗುತ್ತದೆ.

ಜಾಗ ಆರಿಸುವುದಕ್ಕೆ ನಾನು ನೆಚ್ಚಿಕೊಂಡದ್ದು ಸೂರ್ಯನನ್ನು. ವರ್ಷಕ್ಕೆ ಎರಡು ಸಲ, ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ನಮ್ಮಲ್ಲಿಂದ ನೋಡಿದರೆ ಸೂರ್ಯ ಈ ಉಪಗ್ರಹದ ಬೆನ್ನ ಹಿಂದೆಯೇ ಹಾದುಹೋಗುತ್ತಾನೆ. ನಮ್ಮ ಊರಿಗೆ ಅದು ಬೆಳಿಗ್ಗೆ ಹನ್ನೊಂದರ ಆಸುಪಾಸು. ಮಾರ್ಚ್‌ನಲ್ಲಿ ಹನ್ನೊಂದು ಕಳೆದು ಸ್ವಲ್ಪ ಹೊತ್ತಿಗೆ, ಸೆಪ್ಟೆಂಬರ್‌ನಲ್ಲಿ ಹನ್ನೊಂದಕ್ಕೆ ತುಸು ಮೊದಲು. ಆ ದಿನಗಳಲ್ಲಿ ಸೂರ್ಯನ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಮುಚ್ಚಿಹೋಗಿ ಕೆಲವು ನಿಮಿಷ ಚಿತ್ರ ಹೋಗುವುದುಂಟು. ಅದು ಕೆಟ್ಟದ್ದಲ್ಲ, ಏನೂ ಮುಟ್ಟಬಾರದು, ತಾನಾಗಿ ಬರುತ್ತದೆ. ಆದರೆ ಅದೇ ಹೊತ್ತಿಗೆ ಅಂಗಳಕ್ಕಿಳಿದು ನೋಡಿದರೆ, ಎಲ್ಲಿ ಬಿಸಿಲು ಬಿದ್ದಿದೆಯೋ ಅಲ್ಲಿಂದ ಉಪಗ್ರಹ ಕಾಣುತ್ತದೆ, ಎಲ್ಲಿ ನೆರಳಿದೆಯೋ ಅಲ್ಲಿ ಯಾವುದೋ ಸೋಗೆ ಅಡ್ಡ ಇದೆ. ಕಟ್ಟೆ ಹಾಕುವ ಮೊದಲು ಮಾರ್ಚ್‌ನ ಬಿಸಿಲಿನಲ್ಲಿ ನಾನು ಸುಣ್ಣದಿಂದ ಗುರುತು ಹಾಕಿಕೊಂಡೆ. ಫೋನಿನ ದಿಕ್ಸೂಚಿ ಕಬ್ಬಿಣದ ಪೈಪ್ ಹತ್ತಿರ ಹೋದರೆ ಸುಳ್ಳು ಹೇಳುತ್ತದೆ, ಸೂರ್ಯ ಹೇಳುವುದಿಲ್ಲ. ಬೇರೆ ತಿಂಗಳಲ್ಲಿ ಕೂರಿಸುವವರು ಪೈಪಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು ಫೋನಿನಲ್ಲಿ ದಿಕ್ಕು ನೋಡಿಕೊಂಡರೆ ಸಾಕು.

ಪೈಪ್ ಎಲ್ಲ ಕಡೆಯಿಂದಲೂ ನೆಟ್ಟಗಿರಬೇಕು. ರಸಮಟ್ಟ ಇಟ್ಟು ಎರಡು ಬದಿ ನೋಡಿ. ಪೈಪ್ ವಾಲಿದ್ದರೆ ಡಿಶ್ ಪಕ್ಕಕ್ಕೆ ತಿರುಗಿಸಿದಂತೆಲ್ಲ ಎತ್ತರದ ಕೋನವೂ ಬದಲಾಗುತ್ತಾ ಹೋಗಿ ಹುಡುಕಾಟ ಮುಗಿಯುವುದೇ ಇಲ್ಲ. ಇನ್ನೊಂದು ಗೊಂದಲ ಡಿಶ್ಶಿನ ಮುಖದ್ದು. ಮನೆಗಳಲ್ಲಿ ಬಳಸುವುದು ಆಫ್‌ಸೆಟ್ ಡಿಶ್. ಅದರ ಮುಖ ನೋಡುವುದಕ್ಕೂ ಅದು ನಿಜವಾಗಿ ಸಿಗ್ನಲ್ ಹಿಡಿಯುವ ದಿಕ್ಕಿಗೂ ಇಪ್ಪತ್ತು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ. ಹಾಗಾಗಿ ಡಿಶ್ ಎದುರಿನ ಮಾವಿನ ಮರವನ್ನೇ ನೋಡುವ ಹಾಗೆ ಕಾಣುತ್ತದೆ. ಅದು ನೋಡುತ್ತಿರುವುದು ಮರದ ತಲೆಯ ಮೇಲಿನ ಆಕಾಶ. ಇದು ಗೊತ್ತಿಲ್ಲದೆ ಒಳ್ಳೆ ಮರ ಕಡಿಸಿದವರನ್ನು ಕಂಡು ಹೊಟ್ಟೆ ಉರಿದಿದೆ.

ಡಿಶ್ಶಿನ ಅಳತೆಯಲ್ಲಿ ಜಿಪುಣತನ ಬೇಡ. ಸಾಮಾನ್ಯವಾಗಿ ಕೊಡುವುದು 60 ಸೆಂಟಿಮೀಟರ್‌ನದ್ದು. ಬಯಲುಸೀಮೆಗೆ ಅದು ಸಾಕು. ಘಟ್ಟದ ಅಂಚಿನ ನಮಗೆ 90ರದ್ದೇ ಆಗಬೇಕು. ಹಿಡಿಯುವ ಮೈ ಎರಡೂಕಾಲು ಪಟ್ಟು ದೊಡ್ಡದಾಗುತ್ತದೆ, ಸಿಗ್ನಲ್ ಮೂರೂವರೆ ಡೆಸಿಬೆಲ್ ಹೆಚ್ಚುತ್ತದೆ. ಸಾಧಾರಣ ಮಳೆಯಲ್ಲಿ ಚಿತ್ರ ಉಳಿಯುವುದು ಇಷ್ಟರಲ್ಲೇ. ಆಕಾಶ ಕಪ್ಪಾಗಿ ಹುಯ್ಯುವ ಮಳೆಗೆ ಯಾವ ಮನೆಯ ಡಿಶ್ಶೂ ನಿಲ್ಲುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ದೊಡ್ಡ ಡಿಶ್ಶಿನ ನೋಟ ಕಿರಿದು, ಹಾಗಾಗಿ ಕೂರಿಸುವಾಗ ತಾಳ್ಮೆ ಜಾಸ್ತಿ ಬೇಕು. ಆದರೆ ಆ ಕಿರಿದಾದ ನೋಟವೂ ಒಳ್ಳೆಯದೇ. ಒಂದೂವರೆ ಡಿಗ್ರಿ ಪಕ್ಕದಲ್ಲಿ, 95 ಡಿಗ್ರಿಯಲ್ಲಿ, ಡಿಶ್ ಟಿವಿಯವರು ಬಳಸುವ ಉಪಗ್ರಹವಿದೆ. ಅದರ ಸದ್ದು ಕಡಿಮೆ ಕೇಳುತ್ತದೆ.

ಈ ನೆರೆಯ ಉಪಗ್ರಹದಿಂದಾಗಿಯೇ ನಾನು, ಸಿಗ್ನಲ್ ಸಿಕ್ಕಾಗ "ಕೀ" ಅನ್ನುವ ಅಗ್ಗದ ಸ್ಯಾಟ್ ಫೈಂಡರನ್ನು ಪೂರ್ತಿ ನಂಬುವುದಿಲ್ಲ. ಯಾವ ಉಪಗ್ರಹ ಸಿಕ್ಕಿದರೂ ಅದು ಕೂಗುತ್ತದೆ. ಬಾಕ್ಸ್ ಮತ್ತು ಸಣ್ಣ ಟಿವಿಯನ್ನು ಅಂಗಳಕ್ಕೇ ತಂದು, ಮೆನುವಿನಲ್ಲಿ ಎಲ್‌ಎನ್‌ಬಿ ಯೂನಿವರ್ಸಲ್, 9750/10600 ಎಂದು ಇಟ್ಟು, 11170, ವರ್ಟಿಕಲ್, 29500 ಎಂದು ಉಪಗ್ರಹದಲ್ಲಿ ಚಾನೆಲ್ ಕಳಿಸುವ ಘಟಕವಾದ ಟ್ರಾನ್ಸ್‌ಪಾಂಡರ್ ಕೊಟ್ಟು, ಕ್ವಾಲಿಟಿ ಪಟ್ಟಿಯನ್ನೇ ನೋಡುತ್ತೇನೆ. ಸ್ಟ್ರೆಂತ್ ಪಟ್ಟಿ ಮೋಸ ಮಾಡುತ್ತದೆ. ಎಲ್‌ಎನ್‌ಬಿಗೆ ಕರೆಂಟು ಮುಟ್ಟಿದರೆ ಸಾಕು, ಡಿಶ್ ಗೋಡೆ ಕಡೆ ತಿರುಗಿದ್ದರೂ ಅದು ಅಷ್ಟೋ ಇಷ್ಟೋ ತೋರಿಸುತ್ತದೆ. ಡಿಶ್ ತುಸು ಸರಿಸಿ, ಒಂದೆರಡು ಉಸಿರು ಕಾಯಬೇಕು, ಬಾಕ್ಸಿಗೆ ಸಿಗ್ನಲ್ ಗುರುತಿಸಲು ಅಷ್ಟು ಹೊತ್ತು ಬೇಕು. ಸಿಕ್ಕಿದ ಮೇಲೆ ಎಡಕ್ಕೆ ಸರಿಸುತ್ತಾ ಕ್ವಾಲಿಟಿ ಬೀಳುವ ಜಾಗಕ್ಕೆ ಪೈಪಿನ ಮೇಲೆ ಪೆನ್ಸಿಲ್ ಗುರುತು, ಬಲಕ್ಕೆ ಸರಿಸಿ ಬೀಳುವಲ್ಲಿ ಇನ್ನೊಂದು, ನಡುವೆ ನಿಲ್ಲಿಸುವುದು. ಮೇಲೆ ಕೆಳಗೂ ಹಾಗೆಯೇ.

ಆಮೇಲೆ ಎಲ್‌ಎನ್‌ಬಿ ತಿರುವು. ಉಪಗ್ರಹ ನಮಗೆ ನೇರ ದಕ್ಷಿಣದಲ್ಲಿಲ್ಲ, ಪಕ್ಕದಲ್ಲಿದೆ. ಅದರ ಅಲೆಗಳ ನಿಲುವು ನಮ್ಮ ಕಣ್ಣಿಗೆ ಓರೆಯಾಗಿ ಬರುತ್ತದೆ. ಕ್ಲಾಂಪ್ ಸಡಿಲಿಸಿ ಎಲ್‌ಎನ್‌ಬಿಯನ್ನು ತನ್ನ ಜಾಗದಲ್ಲೇ ನಿಧಾನ ತಿರುಗಿಸುತ್ತಾ ಕ್ವಾಲಿಟಿ ತುದಿಗೆ ಹೋಗುವಲ್ಲಿ ಬಿಗಿಯಬೇಕು. ಬಹಳ ಮನೆಗಳಲ್ಲಿ ಈ ಕೆಲಸವನ್ನೇ ಬಿಟ್ಟಿರುತ್ತಾರೆ. ಬಿಸಿಲಿನಲ್ಲಿ ಚಿತ್ರ ಬರುತ್ತದಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಎಲ್ಲ ಬೋಲ್ಟು ಬಿಗಿದ ಮೇಲೆ ನನ್ನದೊಂದು ಪರೀಕ್ಷೆ ಇದೆ. ಡಿಶ್ಶಿನ ಅಂಚನ್ನು ಬೆರಳಿನಿಂದ ಮೇಲೆ, ಕೆಳಗೆ, ಆಚೆ, ಈಚೆ ಮೆಲ್ಲಗೆ ಒತ್ತುತ್ತೇನೆ. ನಾಲ್ಕೂ ಕಡೆ ಕ್ವಾಲಿಟಿ ಇಳಿದರೆ ನಾವು ತುದಿಯಲ್ಲಿದ್ದೇವೆ. ಯಾವುದಾದರೂ ಒಂದು ಕಡೆ ಒತ್ತಿದಾಗ ಏರಿದರೆ ಆ ಕಡೆಗೆ ಇನ್ನೂ ಬಾಕಿ ಇದೆ. ಕೊನೆಗೆ ಗೋಣಿಚೀಲ ಒದ್ದೆ ಮಾಡಿ ಡಿಶ್ಶಿನ ಒಂದು ಬದಿಗೆ ಹೊದಿಸುತ್ತೇನೆ. ಮೂರನೇ ಒಂದು ಭಾಗ ಮುಚ್ಚಿದರೂ ಚಿತ್ರ ನಿಂತರೆ ಉಳಿಕೆ ಚೆನ್ನಾಗಿದೆ ಅಂತ ಅರ್ಥ. ಒಂದು ಮೂಲೆ ಮುಚ್ಚಿದ್ದಕ್ಕೇ ಹೋದರೆ ಮತ್ತೆ ಮೊದಲಿನಿಂದ.

ಇಷ್ಟು ಮಾಡಿಯೂ ಮಲೆನಾಡಿನಲ್ಲಿ ಡಿಶ್ ಕೆಡುವುದು ಹೆಚ್ಚಾಗಿ ಒಂದೇ ಜಾಗದಲ್ಲಿ: ಎಲ್‌ಎನ್‌ಬಿಗೆ ಕೇಬಲ್ ಸೇರುವ ಎಫ್ ಕನೆಕ್ಟರ್. ಅಲ್ಲಿ ನೀರು ಹೊಕ್ಕರೆ ಕೇಬಲ್ ಒಳಗಿನ ಹೆಣಿಗೆ ತಂತಿ ಅದನ್ನು ಹೀರಿಕೊಂಡು ಗಜಗಟ್ಟಲೆ ಒಳಕ್ಕೆ ಒಯ್ಯುತ್ತದೆ. ತಂತಿ ಹಸಿರು ಇಲ್ಲವೇ ಬೂದಿ ಬಣ್ಣಕ್ಕೆ ತಿರುಗಿದ್ದರೆ ಆ ಕೇಬಲ್ ಮುಗಿಯಿತು, ಅಷ್ಟುದ್ದ ಕತ್ತರಿಸಿ ಹಾಕಿದರೂ ನಾನು ನಂಬುವುದಿಲ್ಲ. ಕರಿ ಇನ್ಸುಲೇಷನ್ ಟೇಪು ಸುತ್ತಿದರೆ ಸಾಲದು. ಬಿಸಿಲಿಗೆ ಅಂಟು ಕರಗಿ, ಬಿಚ್ಚಿಕೊಂಡು, ಒಳಗೆ ನೀರನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಎಳೆದು ಸುತ್ತಿದರೆ ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪು ಬೇಕು, ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಅದರ ಮೇಲೆ ಕರಿ ಟೇಪು. ಕೇಬಲ್ ಮನೆ ಹೊಕ್ಕುವ ಮೊದಲು ಒಂದು ಇಳಿಬಾಗು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಗೋಡೆಯೊಳಗೆ ಬರುವುದಿಲ್ಲ. ಕೇಬಲ್ ಆರ್‌ಜಿ-6 ಇರಲಿ, ನಡುವೆ ಜೋಡಣೆ ಬೇಡ.

ತೊಂದರೆ ಬಂದಾಗ ನಾನು ಮೊದಲು ನೋಡುವುದು ಸ್ಟ್ರೆಂತ್, ಕ್ವಾಲಿಟಿ ಎಂಬ ಆ ಎರಡು ಪಟ್ಟಿಗಳನ್ನೇ. ಎರಡೂ ಸೊನ್ನೆಯಾದರೆ ಎಲ್‌ಎನ್‌ಬಿಗೆ ಕರೆಂಟು ಹೋಗುತ್ತಿಲ್ಲ. ಬಾಕ್ಸ್ ಆರಿಸಿ ಎರಡೂ ತುದಿಯ ಕನೆಕ್ಟರ್ ಬಿಚ್ಚಿ ನೋಡಿದರೆ, ಹೆಣಿಗೆಯ ಒಂದು ಕೂದಲೆಳೆ ತಂತಿ ನಡುವಿನ ತಾಮ್ರಕ್ಕೆ ತಾಗಿರುವುದು ಎಷ್ಟೋ ಸಲ ಸಿಗುತ್ತದೆ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆಯಾದರೆ ಡಿಶ್ ಅಲುಗಿದೆ, ಅಥವಾ ಎಲ್‌ಎನ್‌ಬಿ ಬಾಯಿಯಲ್ಲಿ ಏನೋ ಇದೆ. ನಮ್ಮಲ್ಲಿ ಕುಂಬಾರ ಹುಳ ಅದರ ಮೇಲೆ ಮಣ್ಣಿನ ಗೂಡು ಕಟ್ಟುತ್ತದೆ. ಹಸಿ ಮಣ್ಣು ಸಿಗ್ನಲ್ಲನ್ನು ಪೂರ್ತಿ ತಡೆಯುತ್ತದೆ, ಒರೆಸಿದರೆ ಸರಿ. ಎಲ್‌ಎನ್‌ಬಿಯ ಪ್ಲಾಸ್ಟಿಕ್ ಟೋಪಿ ಬಿರುಕು ಬಿಟ್ಟು ಒಳಗೆ ಹನಿ ಕಂಡರೆ ಅದನ್ನು ಒಣಗಿಸಿ ಬಳಸುವ ಆಸೆ ಬೇಡ, ಹೊಸದನ್ನೇ ಹಾಕುವುದು. ಮಳೆ ನಿಂತು ಬಹಳ ಹೊತ್ತಾದರೂ ಚಿತ್ರ ಬಾರದಿದ್ದರೆ ಅದು ಮೋಡದ ತಪ್ಪಲ್ಲ, ಎಲ್ಲೋ ನೀರು ಕೂತಿದೆ.

ಕೆಲವೇ ಚಾನೆಲ್ ಹೋಗಿ ಉಳಿದವು ಚೆನ್ನಾಗಿದ್ದರೆ ಡಿಶ್ ಮುಟ್ಟಲೇಬಾರದು. ಫ್ರೀ ಡಿಶ್ಶಿನ ಖಾಸಗಿ ಚಾನೆಲ್‌ಗಳ ಜಾಗವನ್ನು ಪ್ರಸಾರ ಭಾರತಿ ಇ-ಹರಾಜಿನಲ್ಲಿ ಕೊಡುತ್ತದೆ, ಹಾಗಾಗಿ ಅವು ಬರುತ್ತವೆ, ಹೋಗುತ್ತವೆ, ಜಾಗ ಬದಲಿಸುತ್ತವೆ. ಮತ್ತೊಮ್ಮೆ ಸ್ಕ್ಯಾನ್ ಮಾಡಿದರೆ ಸಾಕು. ಪಕ್ಕದ ಮನೆಗೆ ಬರುವ ಚಾನೆಲ್ ನಮಗೆ ಸ್ಕ್ಯಾನ್‌ನಲ್ಲೂ ಸಿಗದಿದ್ದರೆ ನಮ್ಮ ಬಾಕ್ಸ್ ಚಿತ್ರವನ್ನು ಕಿರಿದಾಗಿಸಿ ಕಳಿಸುವ ಹಳೆಯ ವಿಧಾನವಾದ ಎಂಪೆಗ್-2ರದ್ದು ಇರಬಹುದು. ಹೊಸ ವಿಧಾನವಾದ ಎಂಪೆಗ್-4ರಲ್ಲಿ ಬರುವುದನ್ನು ಅದು ತೋರಿಸಲಾರದು. ನಮ್ಮ ಅತ್ತಿಗೆ ಮನೆಯಲ್ಲಿ ಇದೇ ಆಗಿತ್ತು. "ಡಿಶ್ ಹಾಳಾಗಿದೆ, ಹೊಸದು ತರ್ಬೇಕಂತೆ ಮಾರಾಯ" ಅಂತ ಫೋನ್ ಮಾಡಿದ್ದರು. ಬಾಕ್ಸ್ ಬದಲಿಸಿದ್ದೇ ಸರಿಹೋಯಿತು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮೊದಲು ಪೈಪಿನ ಬುಡದಿಂದ ನೆಲಕ್ಕೆ ಅರ್ಥಿಂಗ್ ತಂತಿ ಎಳೆದಿದ್ದೇನೆ. ಆದರೂ ಮೋಡ ಕಟ್ಟಿದ ಕೂಡಲೇ ಪ್ಲಗ್ ಜೊತೆಗೆ ಡಿಶ್ ಕೇಬಲನ್ನೂ ಬಾಕ್ಸಿನಿಂದ ಕಳಚಿಡುತ್ತೇವೆ. ಸಿಡಿಲು ಹತ್ತಿರ ಹೊಡೆದಾಗ ಕರೆಂಟಿನ ಸ್ವಿಚ್ ಆರಿಸಿದ್ದರೂ ಬಾಕ್ಸ್ ಸುಟ್ಟ ಮನೆಗಳಲ್ಲಿ ಈ ಕೇಬಲ್ ಸಿಕ್ಕಿಸಿಯೇ ಇತ್ತು. ಗುಡುಗು ಶುರುವಾದ ಮೇಲೆ ಮಾತ್ರ ಅದನ್ನು ಮುಟ್ಟಲು ಹೋಗಬಾರದು, ಬಾಕ್ಸ್ ಹೋದರೆ ಹೋಗಲಿ.