ಎಸಿ ರೂಮಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಮಬ್ಬಾಗುತ್ತಾ?

ಮಂಗಳೂರಲ್ಲಿ ರಾಕ್ ಬ್ಯಾಂಡ್ ಬಗ್ಗೆ ಡಾಕ್ಯುಮೆಂಟರಿ ಮಾಡುವವರಿಗೆ: ಎಸಿ ಇರುವ ಪ್ರಾಕ್ಟೀಸ್ ರೂಮಿಂದ ಹೊರಡುವ ಮೊದಲೇ, ಒಳಗೇ, ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ ಬಿಗಿಯಾಗಿ ಮುಚ್ಚಿ. ಹೊರಗೆ ಅರ್ಧ ಗಂಟೆ ಹಾಗೇ ಬಿಡಿ. ತಣ್ಣಗಿರುವ ಗಾಜಿಗೆ ನಮ್ಮ ಕರಾವಳಿಯ ಹಸಿ ಗಾಳಿ ತಾಗಿದರೆ ಸಾಕು, ನೀರು ಕೂರುತ್ತದೆ. ಕವರ್ ಇದ್ದರೆ ಆ ನೀರು ಕವರಿನ ಹೊರಮೈಗೆ, ಲೆನ್ಸಿಗಲ್ಲ. ಹೊರಗೆ ಬಂದ ಮೇಲೆ ಕವರಿಗೆ ಹಾಕಿದರೆ ಪ್ರಯೋಜನ ಇಲ್ಲ, ಹಸಿ ಗಾಳಿಯೂ ಜೊತೆಗೇ ಒಳಗೆ ಸೇರುತ್ತದೆ. ಇನ್ನೊಂದು ತೊಂದರೆ: ಹುಡುಗರು ಗಿಟಾರ್ ಹೆಗಲಿಗೇರಿಸಿಕೊಂಡು ಮೆಟ್ಟಿಲಲ್ಲಿ ಜಗಳ ಆಡುವುದು, ಚಾ ಕುಡಿಯುತ್ತಾ ಡ್ರಮ್ಮರನ್ನು ಕಿಚಾಯಿಸುವುದು ಎಲ್ಲಾ ಆ ಅರ್ಧ ಗಂಟೆಯಲ್ಲೇ. ಡಾಕ್ಯುಮೆಂಟರಿಗೆ ಬೇಕಾದ್ದು ಅದೇ ಅಲ್ವಾ? ಅದಕ್ಕೆ ಒಂದು ಫೋನನ್ನು ಎಸಿ ಒಳಗೆ ತರದೆ ಹೊರಗೇ ಯಾರ ಕೈಯಲ್ಲಾದರೂ ಕೊಟ್ಟಿರಿ.